ನೀರು ನಂದಿಸುವ ಕೆಂಪು

ಕಳೆದ ಆಷಾಢದಲ್ಲಿ ಅಮ್ಮನನ್ನು ಎಂಆರ್‌ಐ ಸ್ಕ್ಯಾನಿಂಗ್‌ಗೆಂದು ಚಿಕ್ಕಮಗಳೂರಿನಿಂದ ಹಾಸನಕ್ಕೆ ಕರೆದುಕೊಂಡು ಹೋಗಿದ್ದೆ. ಬೇಲೂರು ದಾಟುವವರೆಗೂ ಮಳೆ ಬಿಡಲಿಲ್ಲ. ಮೂತ್ರಪಿಂಡದ ರಕ್ತಪರೀಕ್ಷೆಯ ವರದಿ ನೋಡಿದ ಮೇಲೆ ಕೈಯ ನರಕ್ಕೆ ಬಣ್ಣವಿಲ್ಲದ ದ್ರವವೊಂದನ್ನು ಚುಚ್ಚಿದರು. "ಏನದು?" ಎಂದಳು ಅಮ್ಮ. ಗ್ಯಾಡೊಲಿನಿಯಂ ಎಂದೆ. ತಲೆಯಾಡಿಸಿ ಒಳಗೆ ಹೋದಳು.

ಹೊರಗೆ ಬೆಂಚಿನ ಮೇಲೆ ಕುಳಿತ ನನಗೆ ಅದೇ ಯೋಚನೆ. ಆ ವಾರವೆಲ್ಲ ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಹೆಣಗುತ್ತಿದ್ದುದು ಅದರ ನೆರೆಮನೆಯ ಯೂರೋಪಿಯಂ ಜೊತೆಗೆ. ಆವರ್ತಕ ಕೋಷ್ಟಕದಲ್ಲಿ ಇದು 63, ಅದು 64.

ಇವೆರಡೂ ಸೇರಿದ ಲೋಹಗಳ ಗುಂಪು ಲ್ಯಾಂಥನೈಡ್‌ಗಳು. ಅವುಗಳ ಒಳಕವಚದ 4ಎಫ್ ಎಲೆಕ್ಟ್ರಾನ್‌ಗಳು ಮಲೆನಾಡಿನ ಹಳೆಯ ಮನೆಯ ಒಳಕೋಣೆಯಲ್ಲಿ ಇರುವವರ ಹಾಗೆ. ಜಗಲಿಯಲ್ಲಿ 5ಎಸ್, 5ಪಿ ಎಲೆಕ್ಟ್ರಾನ್‌ಗಳು ಕುಳಿತಿರುತ್ತವೆ; ಹೊರಗಿನ ಗದ್ದಲ ಒಳಗೆ ಅಷ್ಟಾಗಿ ತಲುಪುವುದಿಲ್ಲ. ಹಾಗಾಗಿಯೇ ಯಾವ ಲಿಗ್ಯಾಂಡ್ (ಲೋಹವನ್ನು ಹಿಡಿದುಕೊಳ್ಳುವ ಅಣು) ಕಟ್ಟಿದರೂ ಯೂರೋಪಿಯಂನ ಕೆಂಪು 612 ನ್ಯಾನೊಮೀಟರಿನ ಆಸುಪಾಸಿನಲ್ಲಿಯೇ, ಚೂಪಾದ ಗೆರೆಯಾಗಿ ಹೊಮ್ಮುತ್ತದೆ. ಆದರೆ ಬಾಗಿಲು ಅಷ್ಟು ಭದ್ರವಾಗಿರುವುದರಿಂದ ಬೆಳಕೂ ಸುಲಭವಾಗಿ ಒಳನುಗ್ಗಲಾರದು. ಲಿಗ್ಯಾಂಡ್ ನೇರಳಾತೀತ ಬೆಳಕನ್ನು ಹೀರಿ ಲೋಹಕ್ಕೆ ದಾಟಿಸಬೇಕು. 1942ರಲ್ಲಿ ವೈಸ್‌ಮನ್ ಕಂಡುಕೊಂಡ ಇದನ್ನು ಇಂದು ಆಂಟೆನಾ ಪರಿಣಾಮ ಎನ್ನುತ್ತೇವೆ.

ನಾನು ಆರಿಸಿಕೊಂಡ ಆಂಟೆನಾ ಟಿಟಿಎ, ಅಂದರೆ ಥೀನಾಯ್ಲ್‌ಟ್ರೈಫ್ಲೋರೋಅಸಿಟೋನ್. ಅದನ್ನು ಯೂರೋಪಿಯಂಗೆ ಕಟ್ಟಿದಾಗ ಪುಡಿ ಸಿಕ್ಕಿತು, 365 ನ್ಯಾನೊಮೀಟರಿನ ನೇರಳಾತೀತ ಟಾರ್ಚ್ ಹಿಡಿದೆ. ಕೆಂಪು ಇತ್ತು, ಆದರೆ ಮಂಕು. ಪ್ರತಿ ಯೂರೋಪಿಯಂಗೂ ಎರಡು ನೀರಿನ ಅಣುಗಳು ಅಂಟಿಕೊಂಡಿದ್ದವು. ಒಳಕೋಣೆಗೂ ಕೇಳಿಸುವ ಸದ್ದೊಂದು ಇದ್ದರೆ ಅದು ನೀರಿನ ಆಮ್ಲಜನಕ-ಹೈಡ್ರೋಜನ್ ಬಂಧದ ಕಂಪನ. ಬೆಳಕಾಗಬೇಕಿದ್ದ ಶಕ್ತಿಯನ್ನು ಆ ಕಂಪನ ಕದ್ದು ಬಿಸಿಯಾಗಿ ಕಳೆದುಬಿಡುತ್ತದೆ. ಬರಿಯ ನೀರಿನಲ್ಲಿ ಯೂರೋಪಿಯಂ ಅಯಾನಿನ ಹೊಳಪು ಸುಮಾರು 0.1 ಮಿಲಿಸೆಕೆಂಡ್ ಬಾಳುತ್ತದೆ. ಭಾರಜಲದಲ್ಲಿ ಸುಮಾರು 4. ಹೈಡ್ರೋಜನ್ ಬದಲು ಅದರದೇ ಭಾರದ ರೂಪವಾದ ಡ್ಯೂಟೀರಿಯಂ ಬಂದರೆ ಕಂಪನ ನಿಧಾನವಾಗುತ್ತದೆ, ಕಳ್ಳತನ ಕಷ್ಟವಾಗುತ್ತದೆ, ಅಷ್ಟೇ. ಒಂದು ಹೈಡ್ರೋಜನ್ನಿನ ತೂಕ ಬೆಳಕಿನ ಆಯಸ್ಸನ್ನು ನಿರ್ಧರಿಸುತ್ತದೆ ಎಂಬುದನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಪ್ರತಿ ವರ್ಷವೂ ಮೈ ಜುಮ್ಮೆನ್ನುತ್ತದೆ.

ನೀರನ್ನು ಹೊರಹಾಕಲು ಫೀನಾಂತ್ರೋಲಿನ್ ಎಂಬ ಇನ್ನೊಂದು ಲಿಗ್ಯಾಂಡ್ ಸೇರಿಸಿದೆ. ಅದರ ಎರಡು ನೈಟ್ರೋಜನ್‌ಗಳು ಎರಡು ನೀರಿನ ಜಾಗದಲ್ಲಿ ಸರಿಯಾಗಿ ಕೂರುತ್ತವೆ. ಎಥನಾಲ್‌ನಲ್ಲಿ ತೊಳೆದು ಒಣಗಿಸಿ, ಕಿಟಕಿ ಮುಚ್ಚಿ, ಮತ್ತೆ ಟಾರ್ಚ್ ಹಾಕಿದೆ. ಗಾಜಿನ ತಟ್ಟೆಯಲ್ಲಿ ಕೆಂಡ ಹರವಿದಂತಿತ್ತು. ನನ್ನ ಬೆರಳುಗಳಿಗೂ ಕೆಂಪು ಬಣ್ಣ ಹತ್ತಿತ್ತು.

ಯೂರೋಪಿಯಂ ನೀರನ್ನು ದೂರ ತಳ್ಳಿದರೆ ಬೆಳಗುತ್ತದೆ. ಅಮ್ಮನ ನರದಲ್ಲಿದ್ದ ಗ್ಯಾಡೊಲಿನಿಯಂ ಕೆಲಸಕ್ಕೆ ನೀರೇ ಬೇಕು. 1988ರಲ್ಲಿ ಬಳಕೆಗೆ ಬಂದ ಮೊದಲ ಔಷಧಿಯಲ್ಲಿ ಡಿಟಿಪಿಎ ಎಂಬ ಲಿಗ್ಯಾಂಡ್ ಎಂಟು ಕೈಗಳಿಂದ ಲೋಹವನ್ನು ಬಿಗಿಹಿಡಿದಿತ್ತು, ಬಿಡಿ ಅಯಾನು ವಿಷವಾದ್ದರಿಂದ. ಆದರೂ ಒಂಬತ್ತನೆಯ ಜಾಗವನ್ನು ಒಂದು ನೀರಿನ ಅಣುವಿಗೆ ಬಿಟ್ಟಿತ್ತು. ಅಲ್ಲಿ ಸೆಕೆಂಡಿಗೆ ಲಕ್ಷಾಂತರ ಬಾರಿ ಒಂದು ನೀರು ಎದ್ದು ಇನ್ನೊಂದು ಕೂರುತ್ತದೆ. ಗ್ಯಾಡೊಲಿನಿಯಂನ ಏಳು ಒಂಟಿ ಎಲೆಕ್ಟ್ರಾನ್‌ಗಳ ಕಾಂತತ್ವ ತಾಗಿದ ನೀರಿನ ಹೈಡ್ರೋಜನ್‌ಗಳು, ಸ್ಕ್ಯಾನರ್ ಕದಲಿಸಿದ ಮೇಲೆ, ಬೇಗನೆ ಮೊದಲಿನ ಸ್ಥಿತಿಗೆ ಮರಳುತ್ತವೆ, ಚಿತ್ರದಲ್ಲಿ ಆ ಭಾಗ ಬೆಳ್ಳಗೆ ಕಾಣುತ್ತದೆ. ಯೂರೋಪಿಯಂಗೆ ಈ ಕೆಲಸ ಆಗದು. ಆರು ಒಂಟಿ ಎಲೆಕ್ಟ್ರಾನ್‌ಗಳಿದ್ದರೂ ಅದರ ತೀರ ಕೆಳಗಿನ ಮಟ್ಟದಲ್ಲಿ ಗಿರಕಿಯ (ಸ್ಪಿನ್) ಮತ್ತು ಕಕ್ಷೆಯ ಕೋನೀಯ ಸಂವೇಗಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಒಂದೇ ಒಂದು ಎಲೆಕ್ಟ್ರಾನ್ ಹೆಚ್ಚಾದರೆ ಸ್ವಭಾವವೇ ಬೇರೆ.

ವರದಿಯಲ್ಲಿ ಗಾಬರಿಯಾಗುವಂಥದ್ದು ಏನೂ ಇರಲಿಲ್ಲ. ಆ ಶನಿವಾರ ಪುಡಿಯನ್ನು ಗಾಜಿನ ನಳಿಗೆಯಲ್ಲಿ ಭದ್ರವಾಗಿ ಮುಚ್ಚಿ ಮನೆಗೆ ತಂದೆ. ರಾತ್ರಿ ಕರೆಂಟ್ ಹೋಗಿತ್ತು. ಟಾರ್ಚ್ ಹಾಕಿದಾಗ ಅಮ್ಮ ಕೇಳಿದಳು: "ನನ್ನ ಮೈಯೊಳಗೆ ಹೋದದ್ದೂ ಹೀಗೇ ಹೊಳೆಯಿತೇ?" ಇಲ್ಲ, ಅದು ಇದರ ಪಕ್ಕದ ಮನೆಯದು ಎಂದೆ. ಅವಳು ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು, ಆರಿಸಿ, ಮತ್ತೆ ಹಚ್ಚಿದಳು.