ಹೊಸ ಶುಗರ್ ಕಿಟ್ ಓಪನ್ ಮಾಡಿದ ದಿನ

ಫೆಬ್ರವರಿ ಅಂದ್ರೆ ನಮ್ಮ ಕಡೆ ಮಂಗನ ಕಾಯಿಲೆ ಸೀಸನ್. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದ್ಲು ಗೊತ್ತಾದ ಕಾಯಿಲೆ, ಈಗ್ಲೂ ದರಗು (ಒಣಗಿದ ಎಲೆ), ಸೌದೆ ಅಂತ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದ್ರೆ ಎಲ್ಲರಿಗೂ ಎದೆ ಡವಡವ. ಬಂದವರ ಪ್ಲೇಟ್‌ಲೆಟ್ ನೋಡ್ಬೇಕು, ಹಾಗಾಗಿ ಲ್ಯಾಬಿಗೆ ಬಿಡುವೇ ಇರಲ್ಲ. ನಾನು ಲ್ಯಾಬ್ ಟೆಕ್ನಿಷಿಯನ್, 12 ವರ್ಷ ಆಯ್ತು, ವಾರಕ್ಕೆ ಎರಡು ಮೂರು ನೈಟ್ ಇದ್ದೇ ಇರ್ತದೆ.

ಆವತ್ತು ನೈಟ್ ಮುಗಿಯೋ ಹೊತ್ತಿಗೆ, ಬೆಳಗ್ಗೆ ಆರೂವರೆಗೆ, ಹೊಸ ಬ್ಯಾಚಿನ ಶುಗರ್ ರಿಯೇಜೆಂಟ್, ಅಂದ್ರೆ ಟೆಸ್ಟಿಗೆ ಹಾಕೋ ದ್ರಾವಣ, ಓಪನ್ ಮಾಡಿದೆ. ಕಂಟ್ರೋಲ್ ಸೀರಂ (ಶುಗರ್ ಎಷ್ಟಿದೆ ಅಂತ ಮೊದ್ಲೇ ಗೊತ್ತಿರೋ, ಕಿಟ್ ಸರಿ ಇದ್ಯಾ ನೋಡೋ ಸ್ಯಾಂಪಲ್) ಸ್ವಲ್ಪಾನೇ ಉಳಿದಿತ್ತು, ಅದಕ್ಕೆ ಮೊದ್ಲು ನನ್ನದೇ ಎರಡು ಎಂಎಲ್ ರಕ್ತ ತೆಗ್ದು ಬೂದು ಮುಚ್ಚಳದ ಟ್ಯೂಬಿಗೆ ಹಾಕಿ, ಪ್ಲಾಸ್ಮಾ ಬೇರೆ ಮಾಡಿ ಟೆಸ್ಟಿಗಿಟ್ಟೆ. ಆರೋಗ್ಯವಾಗಿರೋರ ರಕ್ತ ಹಾಕಿ ನೋಡೋದು ನಮ್ಮಲ್ಲಿ ಅಭ್ಯಾಸ. ಈ ಟೆಸ್ಟಲ್ಲಿ ಗ್ಲೂಕೋಸ್ ಜಾಸ್ತಿ ಇದ್ದಷ್ಟೂ ಪಿಂಕ್ ಬಣ್ಣ ಗಾಢ ಆಗ್ತದೆ, ಹತ್ತು ನಿಮಿಷ ಬಿಟ್ಟು ಟ್ಯೂಬ್ ಎತ್ತಿದಾಗ ಮಶೀನಿಗೆ ಹಾಕೋ ಮೊದ್ಲೇ ಕಣ್ಣಿಗೆ ಗೊತ್ತಾಯ್ತು.

248.

ರಿಯೇಜೆಂಟ್ ಕೆಟ್ಟಿದೆ ಅಂದ್ಕೊಂಡೆ. ಬೇರೆ ಬಾಟ್ಲಿ ತೆಗ್ದು ಮಾಡಿದೆ, 251. ಪಿಪೆಟ್ ಬದಲಿಸಿದೆ, ಅದೇ ಕಥೆ. ಕಡೆಗೆ ಉಳಿದಿದ್ದ ಕಂಟ್ರೋಲ್ ಹಾಕಿದೆ, ಎಷ್ಟು ಬರ್ಬೇಕೋ ಅಷ್ಟೇ ಬಂತು. ವಾರ್ಡಿನ ಒಬ್ರು ಅಜ್ಜಂದು ಹಾಕಿದೆ, 96. ಕೈಕಾಲು ತಣ್ಣಗಾಗಿ ಸ್ಟೂಲ್ ಮೇಲೆ ಕೂತ್ಬಿಟ್ಟೆ.

ರಿಪೋರ್ಟ್ ತಗೊಂಡು ಹೋಗೋಕೆ ಬಂದ ಸಿಸ್ಟರ್, ನಾನು ಅಕ್ಕ ಅಂತಾನೇ ಕರೆಯೋದು, "ಎಂಥದೇ, ಮುಖ ಹಂಗ್ಯಾಕಿದೆ?" ಅಂದ್ರು. ಹೇಳಿದೆ. "ರಾತ್ರಿ ಬನ್ನು ತಿಂದಿದ್ಯಲ್ಲ, ಅದಕ್ಕಿರ್ಬೇಕು ಬಿಡು" ಅಂದ್ರು. ತಿಂದಿದ್ದು ಎರಡು ಗಂಟೆಗೆ, ಶುಗರ್ ಇಲ್ಲದವರಿಗೆ ಅಷ್ಟೊತ್ತಿಗೆ ಇಳಿದಿರ್ಬೇಕು, ಅದು ಅಕ್ಕಂಗೂ ಗೊತ್ತು, ನನ್ನ ಸಮಾಧಾನಕ್ಕೆ ಹೇಳಿದ್ದು.

ಎರಡು ದಿನ ಬಿಟ್ಟು ಖಾಲಿ ಹೊಟ್ಟೇಲಿ ನೋಡಿದಾಗ 162, ಎಚ್‌ಬಿಎ1ಸಿ, ಅಂದ್ರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ಟೆಸ್ಟ್, 8.1. ಫಾಸ್ಟಿಂಗ್ 126, ಎಚ್‌ಬಿಎ1ಸಿ 6.5 ಮುಟ್ಟಿದ್ರೆ ಡಯಾಬಿಟಿಸ್ ಅಂತ ದಿನಾ ಬೇರೆಯವರಿಗೆ ನಾನೇ ಹೇಳೋದು. ಡಾಕ್ಟರ್ ಮೇಡಂ ಕೇಳಿದ್ರು, ರಾತ್ರಿ ಮೂತ್ರಕ್ಕೆ ಏಳ್ತೀರಾ? ನೈಟಲ್ಲಿ ಎದ್ದೇ ಇರ್ತೀನಲ್ಲ ಮೇಡಂ. ಸುಸ್ತು? ನಿದ್ದೆಗೆಟ್ಟಿದ್ದಕ್ಕೆ ಅಂದ್ಕೊಂಡಿದ್ದೆ. ಬಾಯಾರಿಕೆ? ಎಸಿ ರೂಮು. ತೂಕ ಇಳಿದಿದ್ದು? ಸೀಸನ್ ಕೆಲ್ಸ. ಒಂದೊಂದಕ್ಕೂ ನನ್ನತ್ರ ಡ್ಯೂಟಿಯದ್ದೇ ಉತ್ತರ ಇತ್ತು, ಹೇಳ್ತಾ ಹೇಳ್ತಾ ಅಳು ಬಂತು. ಇದನ್ನ ಬರೀತಿರೋದೇ ಅದಕ್ಕೆ, ನೈಟ್ ಡ್ಯೂಟಿ ಕಾಯಿಲೆ ತರೋದಷ್ಟೇ ಅಲ್ಲ, ಬಂದ ಕಾಯಿಲೇನ ಮುಚ್ಚಿಡ್ತದೆ ಕೂಡ.

ರಾತ್ರಿ ಹೊತ್ತು ಇನ್ಸುಲಿನ್ ಹಗಲಿನಷ್ಟು ಚೆನ್ನಾಗಿ ಕೆಲ್ಸ ಮಾಡಲ್ಲ, ಅದೇ ಬನ್ನು ಅದೇ ಸಕ್ಕರೆ ಟೀ ಮಧ್ಯರಾತ್ರಿ ತಗೊಂಡ್ರೆ ಶುಗರ್ ಜಾಸ್ತಿ ಏರ್ತದೆ. ಅದರ ಮೇಲೆ ನಿದ್ದೆ ಇಲ್ಲ, ಮನೇಲಿ ಅಪ್ಪಂಗೆ ಶುಗರ್ ಇತ್ತು, ಮೂರು ಹೊತ್ತೂ ಅಕ್ಕಿ, ಬೆಳಗ್ಗೆ ರೊಟ್ಟಿ ಮಧ್ಯಾಹ್ನ ಅನ್ನ ರಾತ್ರಿ ಮತ್ತೆ ಅನ್ನ. ಮೂವತ್ತು ದಾಟಿದವರಿಗೆಲ್ಲ ಬಿಪಿ ಶುಗರ್ ನೋಡ್ಬೇಕು ಅಂತ ಸರ್ಕಾರದ ಕಾರ್ಯಕ್ರಮಾನೇ ಇದೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸೊಂಟಕ್ಕೆ ಟೇಪ್ ಹಿಡಿದು ಹೆಂಗಸರದ್ದು 80 ಸೆಂಟಿಮೀಟರ್ ದಾಟಿದ್ಯಾ ಅಂತ ಫಾರ್ಮ್ ತುಂಬ್ತಾರೆ. ಆದ್ರೆ ಆ ಆಶಾಗಳದ್ದು, ಸಿಸ್ಟರ್‌ಗಳದ್ದು, ಆಂಬುಲೆನ್ಸ್ ಡ್ರೈವರ್‌ದು ನಮ್ಮಲ್ಲಿ ಯಾರೂ ಅಳೆದಿರ್ಲಿಲ್ಲ. ವರ್ಷಕ್ಕೊಂದು ದಿನ ಸ್ಟಾಫಿಗೆ ಅಂತಾನೇ ಟೆಸ್ಟ್ ಇಡ್ಬೇಕು, ರಜೆ ಹಾಕದೆ ಡ್ಯೂಟಿ ಟೈಮಲ್ಲೇ.

ಈಗ ಮಾತ್ರೆ ತಗೋತಿದ್ದೀನಿ, ನೈಟಿಗೆ ಮನೆಯಿಂದ ಡಬ್ಬಿ ಒಯ್ದು ಎಂಟೂವರೆಗೇ ಉಂಡು ಮುಗಿಸ್ತೀನಿ, ಆಮೇಲೆ ಹಸಿವಾದ್ರೆ ಮಜ್ಜಿಗೆ. ಮೇ ತಿಂಗಳ ರಿಪೋರ್ಟಲ್ಲಿ ಎಚ್‌ಬಿಎ1ಸಿ 6.9 ಬಂತು. ಅಕ್ಕಂಗೆ ಐವತ್ತು ದಾಟಿದೆ, ನನಗಿಂತ ಜಾಸ್ತಿ ನೈಟ್ ಮಾಡಿದವರು. ಅವರ ಹೆಸರು ಬರೆದ ಟ್ಯೂಬ್ ನನ್ನ ಟೇಬಲ್ ಮೇಲೆ ಇಟ್ಟಿದ್ದೀನಿ, ದಿನಾ ಕೇಳ್ತೀನಿ, "ನಾಳೆ ಕೊಡ್ತೀನಿ ಮಾರಾಯ್ತಿ, ವಾರ್ಡಲ್ಲಿ ಜನ ಇದಾರೆ" ಅಂತ ಓಡ್ತಾರೆ.