ಎಲೆಅಡಿಕೆ ಡಬ್ಬಿಯಲ್ಲಿ ಆನೆ ಕಾಸು

ಹಾಸನದ ಮನೆಯಲ್ಲಿ ಅಜ್ಜಿಯ ಎಲೆಅಡಿಕೆ ಡಬ್ಬಿ ತೊಳೆಯುವಾಗ ತಳದಲ್ಲಿ ಮೈಸೂರಿನ ಒಂದು ಹಳೇ ಆನೆ ಕಾಸು ಸಿಕ್ಕಿತು: ಒಂದು ಕಡೆ ಆನೆ, ಇನ್ನೊಂದು ಕಡೆ ಬರಹ ಇರುವ ನಾಣ್ಯ. ಆನೆಯನ್ನು ನೆಟ್ಟಗೆ ನಿಲ್ಲಿಸಿ ಪಕ್ಕಕ್ಕೆ ಹೊರಳಿಸಿದೆ. ಹಿಂದಿನ ಬರಹ ಪೂರ್ತಿ ವಾರೆ! "ಅಪರೂಪದ್ದು ಕಣೋ, ಲಕ್ಷ ಬರುತ್ತೆ" ಅಂತ ತಮ್ಮ ಕುಣಿದ. ಅಷ್ಟಿಲ್ಲ ಮಾರಾಯ. ಆ ಕಾಲದಲ್ಲಿ ನಾಣ್ಯ ಅಚ್ಚು ಹಾಕುವಾಗ ಕೆಳಗಿನ ಅಚ್ಚು ಗಟ್ಟಿಯಾಗಿ ಕೂತಿರುತ್ತಿತ್ತು. ಮೇಲಿನದನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಕೈ ತಿರುಗಿದ ಹಾಗೆ ಬರಹವೂ ತಿರುಗುತ್ತಿತ್ತು, ಅಷ್ಟೇ.

ಜೇಬಿನ 5 ರೂಪಾಯಿಯನ್ನು ಹೀಗೇ ಹೊರಳಿಸಿ, ಎರಡೂ ಕಡೆ ನೆಟ್ಟಗಿರುತ್ತೆ. ಅಮೆರಿಕದ ನಾಣ್ಯದ ಹಿಂಬದಿ ತಲೆಕೆಳಗೆ. ಅಲ್ಲಿ ಅದೇ ಸರಿ! ಇಂಥ ಮೆಷಿನ್ ನಾಣ್ಯದ ಹಿಂಬದಿ ಚೆನ್ನಾಗಿ ವಾರೆ ಬಂದಿದ್ದರೆ ಮಾತ್ರ ಎತ್ತಿಡಿ.

ಅಜ್ಜಿಗೆ ಎಲ್ಲ ವಿವರಿಸಿದೆ. "ಆಯ್ತು, ನನ್ನ ಸುಣ್ಣದ ಕಾಯಿ ಎಲ್ಲಿಟ್ಟೆ?" ಅಂದರು.