ಅನ್‌ಮ್ಯೂಟ್ ಮಾಡುವ ಚಟ ಮತ್ತು ನನ್ನ ಲೀಡರ್‌ಶಿಪ್ ಪ್ಲಾನ್

ನಮ್ಮ ಎಚ್‌ಆರ್ ಪೋರ್ಟಲ್‌ನಲ್ಲಿ ಡೆವಲಪ್‌ಮೆಂಟ್ ಪ್ಲಾನ್ ಸಬ್‌ಮಿಟ್ ಆಗಬೇಕಾದರೆ ಕನಿಷ್ಠ ಮೂರು ಗೋಲ್ ಇರಲೇಬೇಕು. ಎರಡೇ ಹಾಕಿದರೆ ಬಟನ್ ಒತ್ತೋಕೇ ಬರಲ್ಲ. ಪ್ರತಿ ಗೋಲ್‌ಗೂ ಡ್ರಾಪ್‌ಡೌನ್‌ನಿಂದ ಒಂದು ಕಾಂಪಿಟೆನ್ಸಿ ಆರಿಸಬೇಕು, ಒಂದು ಕೋರ್ಸ್ ಜೋಡಿಸಬೇಕು, ಡೇಟ್ ಕೊಡಬೇಕು. ಹಾಗಾಗಿ ಕಡೇ ದಿನ ಸಂಜೆ ನಮ್ಮ ಫ್ಲೋರಿನಲ್ಲಿ ಎಲ್ಲರೂ ಹೋದ ವರ್ಷದ್ದನ್ನೇ ಕಾಪಿ ಮಾಡಿ ಹಾಕುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೆ. 'ಡೆಲಿಗೇಷನ್ ಸುಧಾರಿಸುವುದು' (ಅಂದರೆ ಕೆಲಸವನ್ನು ಬೇರೆಯವರಿಗೆ ವಹಿಸಿಕೊಡುವುದು) ಅಂತ ಒಂದು, 'ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್' ಅಂತ ಇನ್ನೊಂದು. ಮೂರನೆಯದು ಏನಿತ್ತೋ ನೆನಪಿಲ್ಲ. ಮ್ಯಾನೇಜರ್ ಅದೇ ಸಂಜೆ ಅಪ್ರೂವ್ ಮಾಡಿದರು. ಓದಿದ್ದರು ಅಂತ ನನಗೇನೂ ಅನಿಸುವುದಿಲ್ಲ. ಡೆಲಿಗೇಷನ್ ಕೋರ್ಸಿನ ವಿಡಿಯೋವನ್ನು ಪಕ್ಕದ ಸ್ಕ್ರೀನಿನಲ್ಲಿ ಸುಮ್ನೆ ಓಡಲು ಬಿಟ್ಟು ಟಿಕೆಟ್ ಕ್ಲೋಸ್ ಮಾಡುತ್ತಾ ಕೂತೆ. ಸರ್ಟಿಫಿಕೇಟ್ ಬಂತು, ಗೋಲ್ ಹಸಿರಾಯಿತು.

ಆ ಹಸಿರಿನ ಬಂಡವಾಳ ಬಯಲಾಗಿದ್ದು ಒಂದು ಪಿ-ಒನ್ ರಾತ್ರಿ, ಅಂದರೆ ಅತಿ ತುರ್ತಿನ ತಾಂತ್ರಿಕ ತೊಂದರೆ ಬಂದ ರಾತ್ರಿ.

ರಿಲೀಸ್ ಆದ ಮೇಲೆ ಆರ್ಡರ್ ಅಪ್ಲಿಕೇಶನ್ ತೆವಳತೊಡಗಿತು. ಇಂಥ ಹೊತ್ತಲ್ಲಿ ಏನು ಮಾಡಬೇಕು ಅಂತ ತೀರ್ಮಾನಿಸುವ ಇನ್ಸಿಡೆಂಟ್ ಕಮಾಂಡರ್ ಆ ವಾರ ನಾನಲ್ಲ, ಟೀಮಿಗೆ ಸೇರಿ ಹೆಚ್ಚು ಕಾಲವಾಗದ ಒಬ್ಬ ಹುಡುಗಿ. ರೋಸ್ಟರ್‌ನಲ್ಲಿ ಅವಳ ಹೆಸರು ಹಾಕಿದ್ದೇ ನಾನು. ಡೆಲಿಗೇಷನ್ ಗೋಲ್‌ಗೆ ಪುರಾವೆ ಅಂತ ಅದನ್ನೇ ಪೋರ್ಟಲ್‌ನಲ್ಲೂ ಬರೆದಿದ್ದೆ. ಆದರೆ ತೊಂದರೆ ಬಂದಾಗ ಯಾರನ್ನು ಕರೆಯಬೇಕು ಅನ್ನುವ ಎಸ್ಕಲೇಷನ್ ಲಿಸ್ಟಿನಲ್ಲಿ ಮೊದಲ ಹೆಸರು ನನ್ನದು, ಹಾಗಾಗಿ ನನಗೂ ಪೇಜ್, ಅಂದರೆ ತುರ್ತು ಕರೆ, ಬಂತು. ಎದ್ದು, ವಿಪಿಎನ್ ಜೊತೆ ಗುದ್ದಾಡಿ, ಬ್ರಿಡ್ಜ್‌ಗೆ (ಎಲ್ಲರೂ ಸೇರುವ ಕಾನ್ಫರೆನ್ಸ್ ಕಾಲ್‌ಗೆ) ಸೇರುವಷ್ಟರಲ್ಲಿ ರಾತ್ರಿ ಎರಡು ಗಂಟೆ ದಾಟಿತ್ತು.

"ಥ್ರೆಡ್ ಡಂಪ್ ತೆಗೆಯೋವರೆಗೂ ಯಾರೂ ರೀಸ್ಟಾರ್ಟ್ ಮಾಡಬೇಡಿ" ಅಂತ ಅವಳು ಅಷ್ಟೊತ್ತಿಗಾಗಲೇ ಹೇಳಿಯಾಗಿತ್ತು. ಡಂಪ್ ಅಂದರೆ ಆ ಕ್ಷಣ ಅಪ್ಲಿಕೇಶನ್ ಒಳಗೆ ಯಾವ ಕೆಲಸ ಎಲ್ಲಿ ನಿಂತಿದೆ ಅನ್ನುವ ಚಿತ್ರ, ರೀಸ್ಟಾರ್ಟ್ ಮಾಡಿದರೆ ಅದು ಅಳಿಸಿಹೋಗುತ್ತದೆ. ಚಾಟ್‌ನಲ್ಲೂ ಹಾಕಿದ್ದಳು. ನಾನು ಚಾಟ್ ತೆರೆಯಲೇ ಇಲ್ಲ.

ಕ್ಲೈಂಟ್ ಕಡೆಯವರು "ಇಟಿಎ ಎಷ್ಟು?" ಅಂದರು, ಸರಿಹೋಗಲು ಇನ್ನೆಷ್ಟು ಹೊತ್ತು ಅಂತ. ಯಾರೂ ಮಾತಾಡಲಿಲ್ಲ. ಈಗ ರೆಕಾರ್ಡಿಂಗ್ ಹಾಕಿ ಕೇಳಿದರೆ ಆ ಮೌನ ಹತ್ತು ಸೆಕೆಂಡ್ ಕೂಡ ಇಲ್ಲ. ಆದರೆ ಆಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹುಡುಗಿ ಗಾಬರಿಯಾಗಿದ್ದಾಳೆ, ಟೀಮಿನ ಮಾನ ಹೋಗುತ್ತಿದೆ, ಯಾರಾದರೂ ಏನಾದರೂ ಹೇಳಲೇಬೇಕು ಅಂತೆಲ್ಲ ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಬಿಟ್ಟೆ. ಅವಳು ಗಾಬರಿಯಾಗಿರಲಿಲ್ಲ. ಡಂಪ್ ಎಲ್ಲಿಯವರೆಗೆ ಬಂದಿದೆ ಅಂತ ನೋಡುತ್ತಿದ್ದಳು, ಅಷ್ಟೇ. ನಾನು ಅನ್‌ಮ್ಯೂಟ್ ಮಾಡಿ, "ಸರ್ವರ್ ನೋಡ್ ಒಂದು, ಎರಡು ರೀಸ್ಟಾರ್ಟ್ ಮಾಡಿ" ಅಂದೆ. ಸರ್ವರ್ ಸಂಭಾಳಿಸುವ ಆಪ್ಸ್ ಹುಡುಗ ತಡವರಿಸಿದ. "ಸರ್, ಮಾಡಲಾ?" "ಮಾಡಿ, ಮಾಡಿ." ರೆಕಾರ್ಡಿಂಗ್‌ನಲ್ಲಿ ಇದೇ ಜಾಗದಲ್ಲಿ ಅವಳ ದನಿಯೂ ಇದೆ. "ಸರ್, ಒಂದ್ನಿಮಿಷ..." ಅನ್ನುವಷ್ಟರಲ್ಲಿ ಅದರ ಮೇಲೆ ನನ್ನ ಎರಡನೇ "ಮಾಡಿ" ಬಿದ್ದಿದೆ.

ಇದರಲ್ಲಿ ಕೆಟ್ಟದ್ದೇನು ಗೊತ್ತಾ? ರೀಸ್ಟಾರ್ಟ್ ಕೆಲಸ ಮಾಡಿತು. ಗ್ರಾಫ್ ಇಳಿಯಿತು, ಎಲ್ಲರೂ ಥ್ಯಾಂಕ್ಸ್ ಹೇಳಿ ಮಲಗಲು ಹೋದರು. ಬೆಳಿಗ್ಗೆ ಕ್ಲೈಂಟ್‌ನಿಂದ ನನ್ನ ಹೆಸರು ಹಾಕಿ ಮೆಚ್ಚುಗೆಯ ಮೇಲ್. ಮ್ಯಾನೇಜರ್ ಅದನ್ನು 'ಗ್ರೇಟ್ ಲೀಡರ್‌ಶಿಪ್' ಅಂತ ಟೀಮಿಗೆಲ್ಲ ಫಾರ್ವರ್ಡ್ ಮಾಡಿದರು. ಅವಳೂ ಆ ಮೇಲ್‌ಗೆ ಥಂಬ್ಸ್ ಅಪ್ ಹಾಕಿದ್ದಳು.

ಅದೇ ವಾರ ಹಾಡಹಗಲೇ, ಪೀಕ್ ಟ್ರಾಫಿಕ್‌ನಲ್ಲಿ, ಅದೇ ಸಮಸ್ಯೆ ಮತ್ತೆ ಬಂತು. ಈ ಸಲ ಡಂಪ್ ತೆಗೆದಾಗ ಕನೆಕ್ಷನ್‌ಗಳು ಎಲ್ಲಿ ಸಿಕ್ಕಿಹಾಕಿಕೊಂಡಿವೆ ಅಂತ ಕಣ್ಣಿಗೆ ಹೊಡೆಯುವ ಹಾಗೆ ಕಾಣಿಸಿತು. ಅದು ಆ ರಾತ್ರಿಯೇ ಕಾಣಿಸಬಹುದಿತ್ತು. ಮೊದಲ ಇನ್ಸಿಡೆಂಟ್‌ನ ಆರ್‌ಸಿಎಯಲ್ಲಿ, ಅಂದರೆ ಮೂಲ ಕಾರಣ ಹುಡುಕಿ ಬರೆಯುವ ವರದಿಯಲ್ಲಿ, ರೂಟ್ ಕಾಸ್ ಇರಬೇಕಾದ ಕಡೆ 'ಪತ್ತೆಯಾಗಿಲ್ಲ' ಅಂತ ಇದೆ. ಟೈಮ್‌ಲೈನ್ ಅವಳೇ ಬರೆದಿದ್ದಳು: "02:17, ಬ್ರಿಡ್ಜ್‌ನಲ್ಲಿ ತೀರ್ಮಾನವಾದಂತೆ ರೀಸ್ಟಾರ್ಟ್." ನನ್ನ ಹೆಸರೇ ಇಲ್ಲ. ಬೈದಿದ್ದರೂ ವಾಸಿಯಿತ್ತು.

ಕರೆದು ಕೇಳಿದೆ, "ಆವತ್ತು ನನ್ನಿಂದ ತೊಂದರೆ ಆಯಿತಾ?" "ಇಲ್ಲ ಸರ್, ನೀವು ಬಂದಿದ್ದು ಒಳ್ಳೇದೇ ಆಯ್ತು." ಅಪ್ರೈಸಲ್ ಬರೆಯುವವನೇ ಎದುರು ಕೂತು ಹೀಗೆ ಕೇಳಿದರೆ ಇನ್ನೇನು ಹೇಳುತ್ತಾರೆ? ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ಅಭಿಪ್ರಾಯ ಬರೆಯುವ ನಮ್ಮ 360 ಡಿಗ್ರಿ ಫೀಡ್‌ಬ್ಯಾಕ್ ಕತೆಯೂ ಇದೇ. ಹೆಸರು ಕಾಣಿಸುವುದಿಲ್ಲ ಅನ್ನುತ್ತಾರೆ, ಆದರೆ ಇಷ್ಟು ಚಿಕ್ಕ ಟೀಮಿನಲ್ಲಿ ಯಾರು ಬರೆದಿದ್ದು ಅಂತ ವಾಕ್ಯ ನೋಡಿದರೆ ಸಾಕು. ಎಲ್ಲರೂ ಐದಕ್ಕೆ ನಾಲ್ಕು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಸ್ವಲ್ಪ ದಿನ ಬಿಟ್ಟು ಬೇರೆ ಥರ ಕೇಳಿದೆ. "ಮುಂದಿನ ಬ್ರಿಡ್ಜ್‌ನಲ್ಲಿ ನಾನು ಏನು ಮಾಡಿದರೆ ನಿಮಗೆ ಅನುಕೂಲ?" ಈಗ ಉತ್ತರ ತಕ್ಷಣ ಬಂತು. "ಸೇರಿದ ಕೂಡಲೇ ಚಾಟ್ ಓದಿ ಸರ್. ಏನಾದ್ರೂ ಹೇಳೋದಿದ್ರೆ ನನಗೆ ಬರೀರಿ. ಕಾಲ್‌ನಲ್ಲಿ ಹೇಳಿದ್ರೆ ಎಲ್ಲರೂ ನಿಮ್ಮ ಮಾತೇ ಕೇಳ್ತಾರೆ." ಆದದ್ದನ್ನು ಕೆದಕದೆ ಮುಂದಿನದನ್ನು ಕೇಳುವುದಕ್ಕೆ ಫೀಡ್‌ಫಾರ್ವರ್ಡ್ ಅನ್ನುತ್ತಾರೆ. ಮಾರ್ಷಲ್ ಗೋಲ್ಡ್‌ಸ್ಮಿತ್ ಅನ್ನುವ ಕೋಚ್ ಇದನ್ನು ಬಹಳ ಹೇಳುತ್ತಾ ಬಂದಿದ್ದಾರೆ. ಹೆಸರು ಏನಾದರೂ ಇರಲಿ, ತಪ್ಪು ಎತ್ತಿ ತೋರಿಸು ಅಂದರೆ ಬಾಯಿ ಬಿಡದವರು ಉಪಾಯ ಹೇಳು ಅಂದರೆ ಹೇಳುತ್ತಾರೆ.

ನನ್ನ ಅಸಲಿ ಪ್ಲಾನ್ ಶುರುವಾಗಿದ್ದು ಅಲ್ಲಿಂದ. ಪೋರ್ಟಲ್‌ನಲ್ಲಲ್ಲ, ಒಂದು ನೋಟ್ಸ್ ಫೈಲಿನಲ್ಲಿ. 'ಬ್ರಿಡ್ಜ್‌ಗೆ ಸೇರಿದಾಗ ನಾನು ಕಮಾಂಡರ್ ಅಲ್ಲದಿದ್ದರೆ, ಮೊದಲು ಚಾಟ್ ಪೂರ್ತಿ ಓದುತ್ತೇನೆ. ಯಾರಾದರೂ ಇಟಿಎ ಕೇಳಿ ಎಲ್ಲರೂ ಸುಮ್ಮನಾದರೆ, ಕಮಾಂಡರ್‌ಗೆ ಮಾತ್ರ ಮೆಸೇಜ್ ಹಾಕುತ್ತೇನೆ.' ಇಷ್ಟೇ. ಸುಧಾರಿಸುತ್ತೇನೆ ಅನ್ನುವುದಕ್ಕಿಂತ 'ಹೀಗಾದಾಗ ಹೀಗೆ ಮಾಡುತ್ತೇನೆ' ಅಂತ ಸಂದರ್ಭಕ್ಕೆ ಕಟ್ಟಿಹಾಕಿದ ನಿರ್ಧಾರ ಜಾಸ್ತಿ ನಡೆಯುತ್ತದೆ ಅಂತ ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞ 1999ರಲ್ಲೇ ಬರೆದಿದ್ದಾರೆ. ನನ್ನಂಥವನಿಗೆ ಇದು ಬೇಕೇ ಬೇಕು. ರಾತ್ರಿ ಎರಡು ಗಂಟೆಗೆ ಡೆಲಿಗೇಷನ್ ಅನ್ನುವ ಪದ ತಲೆಗೆ ಬರುವುದಿಲ್ಲ. ಇಟಿಎ ಅನ್ನುವ ಪದ ಮಾತ್ರ ಕಿವಿಗೆ ಬಿದ್ದೇ ಬೀಳುತ್ತದೆ.

ಇದನ್ನೇ ಪೋರ್ಟಲ್‌ಗೂ ಹಾಕಲು ಹೋದೆ. ಸ್ಮಾರ್ಟ್ ಚೆಕ್‌ನಲ್ಲಿ ಫೇಲ್, ಗುರಿ ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಗಡುವಿರಬೇಕು ಅನ್ನುವಂಥ ಐದು ಅಂಶವೂ ತುಂಬಿಲ್ಲವಂತೆ. 1981ರಲ್ಲಿ ಈ ಸ್ಮಾರ್ಟ್ ಸೂತ್ರ ಬರೆದ ಜಾರ್ಜ್ ಡೊರಾನ್, ಪ್ರತಿ ಗುರಿಗೂ ಐದೂ ಇರಲೇಬೇಕೆಂದೇನಿಲ್ಲ ಅಂತ ಅದೇ ಲೇಖನದಲ್ಲಿ ಹೇಳಿದ್ದರು. ನಮ್ಮ ಪೋರ್ಟಲ್‌ಗೆ ಇದನ್ನು ಯಾರು ಹೇಳಬೇಕು? ಎಚ್‌ಆರ್ ಡೆಕ್‌ನಲ್ಲಿ ಪ್ರತಿ ವರ್ಷ 70-20-10ರ ಸ್ಲೈಡ್ ಬೇರೆ ಬರುತ್ತದೆ. 1980ರ ದಶಕದಲ್ಲಿ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್‌ನ ಸಂಶೋಧಕರು ದೊಡ್ಡ ಹುದ್ದೆಯಲ್ಲಿದ್ದವರನ್ನು 'ನೀವು ಕಲಿತಿದ್ದು ಎಲ್ಲಿಂದ' ಅಂತ ಕೇಳಿದ್ದರು. ಆ ಉತ್ತರಗಳಿಂದ ಹುಟ್ಟಿದ ಲೆಕ್ಕ ಇದು. ಬಹುಪಾಲು ಕಷ್ಟದ ಕೆಲಸದಿಂದ, ಸ್ವಲ್ಪ ಬೇರೆಯವರಿಂದ, ಕೋರ್ಸ್‌ನಿಂದ ಹತ್ತರಷ್ಟು. ನೆನಪಿನಿಂದ ಹೇಳಿದ ಮಾತು, ತಕ್ಕಡಿಯಲ್ಲಿ ತೂಗಿದ್ದಲ್ಲ, ಇರಲಿ. ಆದರೆ ಸ್ಲೈಡ್ ತೋರಿಸಿದ ಮೇಲೆ ಪೋರ್ಟಲ್ ನಮ್ಮಿಂದ ಕೇಳುವುದು ಆ ಹತ್ತನ್ನು ಮಾತ್ರ!

ಪ್ಲಾನ್ ಕೂಡ ಮೊದಲ ಸಲಕ್ಕೇ ಸರಿಹೋಗಲಿಲ್ಲ. ಬ್ರಿಡ್ಜ್‌ನಲ್ಲಿ ಬಾಯಿ ಮುಚ್ಚಿ ಕೂತೆ, ನಿಜ. ಆದರೆ ಬೆರಳು ಸುಮ್ಮನಿರಲಿಲ್ಲ. 'ಲಾಗ್ ನೋಡಿದ್ರಾ?' 'ಡಿಬಿ ಟೀಮ್ ಕರೀಬಹುದಾ?' 'ರೋಲ್‌ಬ್ಯಾಕ್?' ಅಂತ ಅವಳಿಗೆ ಒಂದರ ಹಿಂದೆ ಒಂದು ಕಳಿಸುತ್ತಾ ಹೋದೆ. ಮುಗಿದ ಮೇಲೆ ಅವಳೇ ನಕ್ಕು, "ಸರ್, ಇದಕ್ಕಿಂತ ನೀವು ಮಾತಾಡಿದ್ರೇ ವಾಸಿ" ಅಂದಳು. ಒಂದು ಮೆಸೇಜ್, ಉತ್ತರ ಬರುವವರೆಗೆ ಇನ್ನೊಂದಿಲ್ಲ ಅಂತ ತಿದ್ದಿದೆ. ಆಮೇಲೆ ಇನ್ನೊಂದು ಸಾಲು ಸೇರಿತು. ಡೇಟಾ ಹೋಗುವ ಅಪಾಯವಿದ್ದರೆ, ಅಥವಾ ಅವಳೇ ಕೇಳಿದರೆ, ಮಾತಾಡಬೇಕು. ಆಗಲೂ "ಈಗಿನಿಂದ ಕಮಾಂಡ್ ನನ್ನದು" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿಯೇ ತೆಗೆದುಕೊಳ್ಳಬೇಕು. ಬ್ರಿಡ್ಜ್‌ನಲ್ಲಿ ಇಬ್ಬರು ಕಮಾಂಡರ್‌ಗಳಿರುವುದಕ್ಕಿಂತ ಕಮಾಂಡರ್ ಇಲ್ಲದಿರುವುದೇ ಎಷ್ಟೋ ಮೇಲು.

ಇದಕ್ಕೆ ರೇಟಿಂಗ್ ಗೀಟಿಂಗ್ ಇಲ್ಲ. ಬ್ರಿಡ್ಜ್ ಮುಗಿದ ಮೇಲೆ ಆವತ್ತಿನ ಕಮಾಂಡರ್ ನನಗೆ ಒಂದೇ ಸಾಲು ಬರೆಯುತ್ತಾರೆ, ನಾನು ಎಲ್ಲಿ ಅಡ್ಡ ಬಂದೆ ಅಂತ. ಅನುಮಾನ ಬಂದರೆ ರೆಕಾರ್ಡಿಂಗ್ ಇದ್ದೇ ಇದೆ. ನನ್ನ ದನಿ ನಾನೇ ಕೇಳುವುದು ಕೋರ್ಸಿಗಿಂತ ಎಷ್ಟೋ ಕಷ್ಟ, ಸ್ಪೀಡ್ ಹೆಚ್ಚಿಸಿ ಓಡಿಸೋಣ ಅಂದರೂ ಮನಸ್ಸಾಗುವುದಿಲ್ಲ.

ಉಳಿದಿರುವುದು ನನ್ನ ಕೈಯಲ್ಲಿಲ್ಲದ ಭಾಗ. ಎಸ್ಕಲೇಷನ್ ಲಿಸ್ಟಿನ ತುದಿಯಿಂದ ನನ್ನ ಹೆಸರು ತೆಗೆಯಿರಿ ಅಂತ ಮ್ಯಾನೇಜರ್‌ಗೆ ಹೇಳಿದೆ. "ಕ್ಲೈಂಟ್‌ಗೆ ನಿಮ್ಮ ಹೆಸರೇ ಬೇಕು, ಮುಂದಿನ ಕ್ವಾರ್ಟರ್ ನೋಡೋಣ" ಅಂದರು. ಆ ಮೆಚ್ಚುಗೆಯ ಮೇಲ್ ಇನ್ನೂ ಅವರ ತಲೆಯಲ್ಲಿದೆ. ಎಲ್ಲಿಯವರೆಗೆ ಮೊದಲ ಪೇಜ್ ನನಗೆ ಬರುತ್ತದೋ ಅಲ್ಲಿಯವರೆಗೆ ಆಪ್ಸ್ ಹುಡುಗರು "ಸರ್, ಮಾಡಲಾ?" ಅಂತ ನನ್ನನ್ನೇ ಕೇಳುತ್ತಾರೆ. ಸದ್ಯಕ್ಕೆ ಅವಳ ಹೆಸರು ಎರಡನೇ ಜಾಗಕ್ಕೆ ಬಂದಿದೆ. ಮೊದಲ ಜಾಗಕ್ಕಾಗಿ ಮತ್ತೆ ಮೇಲ್ ಹಾಕಿದ್ದೇನೆ. ಈ ಸಲ ಎರಡನೇ ಪಿ-ಒನ್‌ನ ಡೌನ್‌ಟೈಮ್ ಲೆಕ್ಕವನ್ನೂ, 02:17ಕ್ಕೆ ರೀಸ್ಟಾರ್ಟ್ ಹೇಳಿದ್ದು ಯಾರು ಅನ್ನುವುದನ್ನೂ ಸೇರಿಸಿ ಕಳಿಸಿದ್ದೇನೆ.